ಅಂಗೈಯಲ್ಲಿ ಅಡಗಿದ ಗೂಢಚಾರ
(ಶಾಖಾಮಠದ ವಾರ್ಷಿಕೋತ್ಸವದ ಅಂಗವಾಗಿ ನಡೆದ ಉಪನ್ಯಾಸದ ಲಿಖಿತ ರೂಪ)

ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ಗೂಢಪುರುಷರನ್ನು ಕುರಿತು ಪ್ರತ್ಯೇಕ ಅಧ್ಯಾಯಗಳಿವೆ. ಅಲ್ಲಿ ವರ್ಣಿತರಾದ ಚರರಲ್ಲಿ ಯಾರೊಬ್ಬರೂ ಚರರಂತೆ ಕಾಣುವವರಲ್ಲ. ಒಬ್ಬನು ವಿದ್ಯಾರ್ಥಿಯ ವೇಷದವನು, ಮತ್ತೊಬ್ಬನು ಗೃಹಸ್ಥನ ವೇಷದವನು, ಇನ್ನೊಬ್ಬನು ವರ್ತಕ, ಮಗುದೊಬ್ಬನು ತಪಸ್ವಿ. ಕೆಲವರು ಒಂದೆಡೆ ನೆಲೆನಿಂತು ಸಮಾಚಾರವನ್ನು ಕಲೆಹಾಕುವವರಾದರೆ, ಕೆಲವರು ಊರಿಂದೂರಿಗೆ ಸಂಚರಿಸುವವರು. ಜನರು ಯಾರನ್ನು ಕಂಡರೆ ಶಂಕಿಸದೆ ಬಾಗಿಲು ತೆರೆಯುವರೋ, ಅವರ ರೂಪದಲ್ಲಿಯೇ ಚರನು ಬರಬೇಕೆಂಬುದು ಆ ವ್ಯವಸ್ಥೆಯ ಮರ್ಮ. ರಾಮಾಯಣದಲ್ಲಿ ರಾವಣನು ಸೀತಾದೇವಿಯ ಪರ್ಣಶಾಲೆಗೆ ಬಂದುದು ಹತ್ತು ತಲೆಗಳ ರಾಕ್ಷಸನಾಗಿ ಅಲ್ಲ, ಪರಿವ್ರಾಜಕನಾಗಿ. ಅತಿಥಿಸತ್ಕಾರವೆಂಬ ಸದ್ಗುಣವೇ ಅಲ್ಲಿ ಮೋಸಕ್ಕೆ ದ್ವಾರವಾಯಿತು.

ಇಂದಿನ ಗೃಹಸ್ಥನ ಅಂಗೈಯಲ್ಲಿರುವ ದೂರವಾಣಿಯನ್ನು ಕುರಿತು ಆಲೋಚಿಸುವಾಗ ಈ ಪುರಾತನ ಪ್ರಸಂಗಗಳು ಸಹಜವಾಗಿ ನೆನಪಾಗುತ್ತವೆ. ಬೆಳಗಿನ ಪಂಚಾಂಗದಿಂದ ಮೊದಲ್ಗೊಂಡು ಬ್ಯಾಂಕಿನ ವ್ಯವಹಾರ, ವಿದೇಶದಲ್ಲಿರುವ ಮಕ್ಕಳೊಡನೆ ಸಂಭಾಷಣೆ, ವೈದ್ಯರ ವರದಿ, ಮಠದ ಸೇವೆಯ ಕಾಣಿಕೆ - ಎಲ್ಲವೂ ಆ ಒಂದು ಉಪಕರಣದಲ್ಲಿ ಅಡಕವಾಗಿವೆ. ಅಂತಹ ಉಪಕರಣದೊಳಗೆ ಚರನೊಬ್ಬನು ಸೇರಿಕೊಂಡರೆ ಅವನಿಗೆ ತಿಳಿಯದೆ ಉಳಿಯುವ ಸಂಗತಿ ಆ ಮನೆಯಲ್ಲಿ ಬಹಳವೇನೂ ಇರಲಾರದು.

ಗೂಢಚಾರ ತಂತ್ರಾಂಶವೆಂದರೇನು?

ಬಳಕೆದಾರನಿಗೆ ತಿಳಿಯದಂತೆ, ಅಥವಾ ಅವನನ್ನು ವಂಚಿಸಿ ಪಡೆದ ಒಪ್ಪಿಗೆಯಿಂದ, ಗಣಕಯಂತ್ರವನ್ನೋ ಮೊಬೈಲನ್ನೋ ಹೊಕ್ಕು, ಅಲ್ಲಿನ ವಿವರಗಳನ್ನು ಮತ್ತೊಬ್ಬರಿಗೆ ರವಾನಿಸುವ ತಂತ್ರಾಂಶಕ್ಕೆ ಸ್ಪೈವೇರ್ ಎಂದು ಹೆಸರು. ಅದರ ಪ್ರಭೇದಗಳು ಅನೇಕ. ಕೀಲಿಮಣೆಯಲ್ಲಿ ಒತ್ತಿದ ಪ್ರತಿಯೊಂದು ಅಕ್ಷರವನ್ನೂ ದಾಖಲಿಸಿಕೊಂಡು ಪಾಸ್‌ವರ್ಡನ್ನು ಕದಿಯುವುದು ಒಂದು ಬಗೆ. ಬಂದ ಎಸ್ಸೆಮ್ಮೆಸ್ಸುಗಳನ್ನು ಓದಿ, ಅದರಲ್ಲಿನ ಓಟಿಪಿಯನ್ನು ಬೇರೊಂದು ಸಂಖ್ಯೆಗೆ ಕಳುಹಿಸುವುದು ಇನ್ನೊಂದು ಬಗೆ. ದೃಷ್ಟಿಮಾಂದ್ಯವುಳ್ಳವರ ಅನುಕೂಲಕ್ಕಾಗಿ ಆ್ಯಂಡ್ರಾಯ್ಡ್ ಫೋನಿನಲ್ಲಿ ಇರಿಸಿರುವ ಆ್ಯಕ್ಸೆಸಿಬಿಲಿಟಿ ಎಂಬ ಸೌಕರ್ಯವನ್ನು ದುರುಪಯೋಗಪಡಿಸಿಕೊಂಡು, ಪರದೆಯ ಮೇಲಿನದೆಲ್ಲವನ್ನೂ ಓದಿ, ಒಡೆಯನ ಪರವಾಗಿ ತಾನೇ ಗುಂಡಿಗಳನ್ನು ಒತ್ತುವುದು ಮತ್ತೂ ಅಪಾಯಕಾರಿಯಾದ ಬಗೆ.

ಇವುಗಳೊಂದಿಗೆ ಕುಕೀ ಎಂಬ ಪದವೂ ಆಗಾಗ ಕೇಳಿಬರುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ರೂಪಿಸಿದ ಕುಕೀ ಸ್ವತಃ ಗೂಢಚಾರನಲ್ಲ. ಒಂದು ಜಾಲತಾಣಕ್ಕೆ ಮರಳಿ ಬಂದ ಗ್ರಾಹಕನನ್ನು ಗುರುತಿಸಲು ಇರಿಸಿದ ಸಣ್ಣ ಟಿಪ್ಪಣಿಯಷ್ಟೆ. ಆದರೆ ಜಾಹೀರಾತಿನ ಸಂಸ್ಥೆಗಳು ಅದನ್ನೇ ಬಳಸಿ ಒಬ್ಬನು ಯಾವ ಯಾವ ತಾಣಗಳನ್ನು ಸಂದರ್ಶಿಸಿದನೆಂದು ಜೋಡಿಸತೊಡಗಿದಾಗ, ಅಂಗಡಿಯವನ ಟಿಪ್ಪಣಿಯು ಹಿಂಬಾಲಕನ ದಿನಚರಿಯಾಯಿತು. ಎಲ್ಲ ಜಾಡುಹಿಡಿಯುವಿಕೆಯೂ ಅಪರಾಧವಲ್ಲ. ಆದರೆ ಯಾವುದನ್ನು ಯಾರಿಗೆ ಕೊಡುತ್ತಿರುವೆವೆಂಬ ಅರಿವಿಲ್ಲದೆ ಕೊಡುವುದು ವಿವೇಕವಲ್ಲ.

ಒಂದು ಲಗ್ನಪತ್ರಿಕೆಯ ಪ್ರಸಂಗ

2024ರ ನವೆಂಬರಿನಲ್ಲಿ, ಮದುವೆಯ ಹಂಗಾಮಿನಲ್ಲಿ, ಹಿಮಾಚಲ ಪ್ರದೇಶದ ಪೊಲೀಸರು ಸಾರ್ವಜನಿಕರಿಗೆ ಒಂದು ಎಚ್ಚರಿಕೆಯನ್ನು ನೀಡಿದರು. ವಾಟ್ಸ್‌ಆ್ಯಪಿನಲ್ಲಿ ಲಗ್ನಪತ್ರಿಕೆಯೆಂದು ಬರುವ ಕಡತವು ಪತ್ರಿಕೆಯಾಗಿರದೆ ಕುತಂತ್ರಾಂಶವಾಗಿರಬಹುದೆಂಬುದು ಅದರ ಸಾರ. ಆ ವಂಚನೆಯ ರೀತಿ ಮನದಟ್ಟಾಗುವಂತೆ ಅದನ್ನು ಡೊಂಬಿವಲಿಯ ಒಂದು ಮನೆಗೆ ಅನ್ವಯಿಸಿ ನೋಡಬಹುದು. ಇದು ಕಲ್ಪಿತ ಪ್ರಸಂಗ. ಆದರೆ ಇದರಲ್ಲಿ ನಡೆಯಲಾರದ್ದು ಯಾವುದೂ ಇಲ್ಲ.

ನಿವೃತ್ತರಾದ ರಾಯರು ಮತ್ತು ಅವರ ಪತ್ನಿ ಇಬ್ಬರೇ ಇರುವ ಮನೆ. ಮಗನು ವಿದೇಶದಲ್ಲಿ, ಮಗಳು ಪುಣೆಯಲ್ಲಿ. ಒಂದು ಸಂಜೆ ದೂರದ ಬಂಧುವೊಬ್ಬರ ಸಂಖ್ಯೆಯಿಂದ ಲಗ್ನಪತ್ರಿಕೆ ಬರುತ್ತದೆ. ಸಕುಟುಂಬ ಸಪರಿವಾರರಾಗಿ ಆಗಮಿಸಬೇಕೆಂಬ ಒಕ್ಕಣೆ. ಯಾರ ಮನೆಯ ಮದುವೆಯೆಂದು ನೋಡುವ ಕುತೂಹಲದಿಂದ ರಾಯರು ಅದನ್ನು ಒತ್ತುತ್ತಾರೆ. ಪತ್ರಿಕೆ ತೆರೆಯುವುದಿಲ್ಲ, ಬದಲಾಗಿ ಅಪರಿಚಿತ ಮೂಲದ ಆ್ಯಪ್‌ಗೆ ಅನುಮತಿ ನೀಡಬೇಕೆ ಎಂದು ಫೋನು ಕೇಳುತ್ತದೆ. ಪತ್ರಿಕೆ ನೋಡಲು ಇದೂ ಒಂದು ವಿಧಿಯಿರಬೇಕೆಂದು ರಾಯರು ಸಮ್ಮತಿಸುತ್ತಾರೆ. ಎಸ್ಸೆಮ್ಮೆಸ್ ಓದಲು ಅನುಮತಿ, ಸಂಪರ್ಕಪಟ್ಟಿಗೆ ಅನುಮತಿ - ಕೇಳಿದುದಕ್ಕೆಲ್ಲ ಸಮ್ಮತಿ ದೊರೆಯುತ್ತದೆ. ಪತ್ರಿಕೆ ಮಾತ್ರ ಕಾಣಿಸುವುದಿಲ್ಲ. ಫೋನೇ ಹಳತಾಯಿತೆಂದುಕೊಂಡು ಅವರು ಅದನ್ನು ಬದಿಗಿಡುತ್ತಾರೆ.

ಆ ಕಡತದ ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರಕ್ಷರಗಳಿದ್ದವು. ಚಿತ್ರಕ್ಕಾಗಲಿ ಪತ್ರಿಕೆಗಾಗಲಿ ಆ ಬಾಲ ಇರುವುದಿಲ್ಲ. ಅದು ಆ್ಯಂಡ್ರಾಯ್ಡ್ ಫೋನಿನಲ್ಲಿ ಆ್ಯಪನ್ನು ಸ್ಥಾಪಿಸುವ ಕಡತದ ಗುರುತು. ರಾತ್ರಿ ರಾಯರು ನಿದ್ರಿಸುತ್ತಿರುವಾಗ ಬ್ಯಾಂಕಿನಿಂದ ಓಟಿಪಿಗಳು ಬರುತ್ತವೆ. ಅವರು ಎಚ್ಚರಗೊಳ್ಳುವ ಮೊದಲೇ ಅವು ಮತ್ತೊಬ್ಬರ ಕೈ ಸೇರಿರುತ್ತವೆ. ಪತ್ನಿಯ ಶಸ್ತ್ರಚಿಕಿತ್ಸೆಗೆಂದು ಉಳಿತಾಯ ಖಾತೆಯಲ್ಲಿರಿಸಿದ್ದ ಹಣ ಬೆಳಗಾಗುವಷ್ಟರಲ್ಲಿ ಇಲ್ಲ. ಅದಕ್ಕಿಂತ ದಾರುಣವಾದುದೆಂದರೆ, ಅದೇ ಲಗ್ನಪತ್ರಿಕೆ ಈಗ ರಾಯರ ಹೆಸರಿನಲ್ಲಿ ಅವರ ಬಂಧುಬಳಗಕ್ಕೆಲ್ಲ ಹೋಗುತ್ತಿದೆ. ಮೊದಲು ಅದನ್ನು ಕಳುಹಿಸಿದ ಬಂಧುವೂ ವಂಚಕನಾಗಿರಲಿಲ್ಲ. ವಂಚನೆಗೆ ಒಳಗಾದವನೇ ಆಗಿದ್ದನು.

ಇಲ್ಲಿ ಗಮನಿಸಬೇಕಾದ ಮುಖ್ಯಾಂಶವೊಂದಿದೆ. ಅಪರಿಚಿತರನ್ನು ನಂಬಬೇಡಿರೆಂಬ ಹಳೆಯ ಬುದ್ಧಿವಾದ ಈ ಸಂದರ್ಭದಲ್ಲಿ ಸಾಲದು. ಸಂದೇಶ ಬಂದುದು ಪರಿಚಿತರ ಸಂಖ್ಯೆಯಿಂದಲೇ. ಆದುದರಿಂದ ಯಾರಿಂದ ಬಂತು ಎಂಬುದರ ಜೊತೆಗೆ ಏನು ಬಂತು, ಅದು ಏನನ್ನು ಕೇಳುತ್ತಿದೆ ಎಂಬುದನ್ನೂ ಪರೀಕ್ಷಿಸಬೇಕಾಗುತ್ತದೆ. ಲಗ್ನಪತ್ರಿಕೆಗೆ ಮನೆಯವರ ಸಂದೇಶಗಳನ್ನು ಓದುವ ಅಗತ್ಯವಿರುವುದಿಲ್ಲ. ಹೊರಗಿನಿಂದ ತಂದ ತರಕಾರಿಯನ್ನು ತೊಳೆಯದೆ ಅಡುಗೆಮನೆಯೊಳಕ್ಕೆ ಒಯ್ಯದ ಮಡಿವಂತ ಮನೆಯು ಹೊರಗಿನ ಕಡತವನ್ನು ವಿಚಾರಿಸದೆ ಒಳಕ್ಕೆ ಬಿಟ್ಟುಕೊಳ್ಳುವುದು ಅದರ ಶಿಸ್ತಿಗೆ ಒಪ್ಪುವ ಮಾತಲ್ಲ.

ಹಾಡಿನ ತಟ್ಟೆಯೊಳಗಿನ ಚರ

ಅಪರಾಧಿಗಳಷ್ಟೇ ಅಲ್ಲದೆ ಪ್ರತಿಷ್ಠಿತ ಸಂಸ್ಥೆಗಳೂ ಈ ಮಾರ್ಗವನ್ನು ಹಿಡಿದುದಕ್ಕೆ ಇತಿಹಾಸದಲ್ಲಿ ನಿದರ್ಶನವುಂಟು. 2005ರ ಅಕ್ಟೋಬರ್ 31ರಂದು ಅಮೆರಿಕೆಯ ತಂತ್ರಜ್ಞ ಮಾರ್ಕ್ ರುಸಿನೋವಿಚ್ ಒಂದು ಸಂಗತಿಯನ್ನು ಪ್ರಕಟಪಡಿಸಿದರು. ಸೋನಿ ಬಿಎಮ್‌ಜಿ ಸಂಸ್ಥೆಯ ಹಾಡಿನ ಸಿಡಿಯೊಂದನ್ನು ಗಣಕಯಂತ್ರದಲ್ಲಿ ಹಾಕಿದಾಗ, ಪ್ರತಿ ತೆಗೆಯುವುದನ್ನು ತಡೆಯುವ ನೆಪದಲ್ಲಿ ಒಂದು ತಂತ್ರಾಂಶವು ಒಳಹೊಕ್ಕು ತನ್ನ ಇರವನ್ನೇ ಮರೆಮಾಚಿಕೊಳ್ಳುತ್ತಿದ್ದಿತು. ಅದು ತೋಡಿದ ಮರೆಯಲ್ಲಿ ಬೇರೆ ದುಷ್ಟ ತಂತ್ರಾಂಶಗಳೂ ಅಡಗಬಹುದಾಗಿತ್ತು; ಕೆಲವೇ ದಿನಗಳಲ್ಲಿ ಅಡಗಿಯೂ ತೋರಿಸಿದವು. ಸುಮಾರು 50 ಬಗೆಯ ಸಿಡಿಗಳಲ್ಲಿ ಈ ತಂತ್ರಾಂಶವಿದ್ದುದು ತಿಳಿದು, ಮರುತಿಂಗಳು ಸಂಸ್ಥೆಯು ಅವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. 2007ರ ಜನವರಿಯಲ್ಲಿ ಅಮೆರಿಕೆಯ ಫೆಡರಲ್ ಟ್ರೇಡ್ ಕಮಿಷನ್ನಿನೊಡನೆ ಆದ ಒಪ್ಪಂದದಂತೆ, ಯಂತ್ರ ಕೆಟ್ಟ ಗ್ರಾಹಕರಿಗೆ 150 ಡಾಲರುಗಳವರೆಗೆ ದುರಸ್ತಿಯ ವೆಚ್ಚವನ್ನು ಕೊಡಲು ಅದು ಒಪ್ಪಬೇಕಾಯಿತು. ಹಣ ಕೊಟ್ಟು ಹಾಡು ಕೊಂಡ ಪ್ರಾಮಾಣಿಕ ಗ್ರಾಹಕನೇ ಅಲ್ಲಿ ಕಾವಲಿಗೆ ಒಳಗಾದನು. ದೊಡ್ಡ ಹೆಸರೆಂಬುದು ಪರೀಕ್ಷೆಯಿಂದ ವಿನಾಯಿತಿ ಪಡೆಯಲು ಸಾಕಾದ ಕಾರಣವಲ್ಲವೆಂಬುದು ಅದರಿಂದ ಕಲಿಯಬೇಕಾದ ಪಾಠ.

ಒಬ್ಬರ ಒಪ್ಪಿಗೆ, ಅನೇಕರ ನಷ್ಟ

2018ರಲ್ಲಿ ಬೆಳಕಿಗೆ ಬಂದ ಕೇಂಬ್ರಿಜ್ ಅನಲಿಟಿಕಾ ಪ್ರಕರಣವು ಮತ್ತೊಂದು ಸತ್ಯವನ್ನು ತಿಳಿಸಿತು. ಫೇಸ್‌ಬುಕ್ಕಿನಲ್ಲಿ ವ್ಯಕ್ತಿತ್ವಪರೀಕ್ಷೆಯ ಆ್ಯಪ್ ಒಂದನ್ನು ಬಳಸಿದವರ ವಿವರಗಳು ಮಾತ್ರವಲ್ಲದೆ ಅವರ ಸ್ನೇಹಿತರ ವಿವರಗಳೂ ಅದರ ಮೂಲಕ ಹೊರಗೆ ಹೋದವು. ಆ ವರ್ಷ ಫೇಸ್‌ಬುಕ್ ಸಂಸ್ಥೆಯೇ ನೀಡಿದ ಲೆಕ್ಕದಂತೆ ಭಾರತದಲ್ಲಿ ಆ ಆ್ಯಪನ್ನು ಸ್ಥಾಪಿಸಿಕೊಂಡವರು 335 ಮಂದಿ. ವಿವರಗಳು ಸೋರಿರಬಹುದಾದವರು 5,62,455 ಮಂದಿ. ಮುನ್ನೂರು ಚಿಲ್ಲರೆ ಜನರ ಒಪ್ಪಿಗೆಗೆ ಐದೂವರೆ ಲಕ್ಷಕ್ಕೂ ಹೆಚ್ಚು ಜನರು ತೆರಬೇಕಾದ ಬೆಲೆ ಅದು.

ಈ ಲೆಕ್ಕವನ್ನು ಮನೆಯ ಮಟ್ಟಕ್ಕೆ ಇಳಿಸಿ ನೋಡಿದರೆ, ಪ್ರವಾಸೀ ಕನ್ನಡ ಕುಟುಂಬಗಳಲ್ಲಿ ನಿತ್ಯವೂ ನಡೆಯುವ ಒಂದು ರೂಢಿ ಕಣ್ಣಿಗೆ ಬೀಳುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದವರಿಗೆ ಅನುರೂಪ ಸಂಬಂಧ ಕುದುರಿಸುವುದು ಸುಲಭವಲ್ಲ. ಆದುದರಿಂದ ವಧೂವರರ ಜಾತಕವು ಒಂದು ವಾಟ್ಸ್‌ಆ್ಯಪ್ ಗುಂಪಿನಿಂದ ಮತ್ತೊಂದಕ್ಕೆ ಸಾಗುತ್ತದೆ. ಅದರಲ್ಲಿ ಇರುವುದೇನು? ಪೂರ್ಣ ಹೆಸರು, ಜನನದ ದಿನಾಂಕ, ವೇಳೆ, ಸ್ಥಳ, ಗೋತ್ರ, ನಕ್ಷತ್ರ, ಉದ್ಯೋಗ, ಕಂಪನಿ, ಸಂಬಳ, ತಂದೆತಾಯಿಯರ ಹೆಸರು, ಮನೆಯ ವಿಳಾಸ, ಮೊಬೈಲ್ ಸಂಖ್ಯೆ, ಜೊತೆಗೆ ಎರಡು ಮೂರು ಭಾವಚಿತ್ರಗಳು. ಬ್ಯಾಂಕಿನ ಅಧಿಕಾರಿಯಂತೆ ಕರೆ ಮಾಡುವ ವಂಚಕನಿಗೆ ಬೇಕಾದುದೆಲ್ಲ ಒಂದೇ ಹಾಳೆಯಲ್ಲಿ ದೊರೆಯುತ್ತದೆ. ಮಗಳ ಮದುವೆ ನಡೆದು ಹೋದರೂ ಆ ಹಾಳೆ ಗುಂಪಿನಿಂದ ಗುಂಪಿಗೆ ತಿರುಗುತ್ತಲೇ ಇರುತ್ತದೆ. ಕಳುಹಿಸಿದುದನ್ನು ಹಿಂದಕ್ಕೆ ಕರೆಸುವ ಉಪಾಯ ಯಾರಲ್ಲಿಯೂ ಇಲ್ಲ.

ರೂಢಿಯನ್ನು ಬಿಡಬೇಕಾಗಿಲ್ಲ, ಕ್ರಮವನ್ನು ತಿದ್ದಿಕೊಂಡರೆ ಸಾಕು. ಗುಂಪಿಗೆ ಕಳುಹಿಸುವ ಮೊದಲ ಪರಿಚಯದಲ್ಲಿ ಗೋತ್ರ, ನಕ್ಷತ್ರ, ವಿದ್ಯಾಭ್ಯಾಸ, ಊರು ಮತ್ತು ಸಂಪರ್ಕಿಸಬಹುದಾದ ಹಿರಿಯರೊಬ್ಬರ ಸಂಖ್ಯೆ ಇದ್ದರೆ ಯಥೇಷ್ಟವಾಯಿತು. ಪೂರ್ಣ ಜನ್ಮವಿವರ, ವಿಳಾಸ, ಸಂಬಳ, ಭಾವಚಿತ್ರಗಳನ್ನು ಆಸಕ್ತಿ ತೋರಿದ ಮನೆಯವರಿಗೆ ಮಾತ್ರ ನೇರವಾಗಿ ಕೊಡಬಹುದು. ಕನ್ಯೆಯ ಸಮ್ಮತಿ ಪಡೆದ ಮೇಲೆಯೇ ಆಕೆಯ ಭಾವಚಿತ್ರ ಮನೆಯಿಂದ ಹೊರಗೆ ಹೋಗಬೇಕು. ಸಂಘ, ಮಂಡಳಿ, ಶಾಖೆಗಳು ಮುದ್ರಿಸುವ ಸದಸ್ಯರ ವಿಳಾಸಪಟ್ಟಿ, ಸೇವಾಕರ್ತರ ಯಾದಿಗಳಿಗೂ ಈ ವಿವೇಚನೆ ಅನ್ವಯಿಸುತ್ತದೆ. ಹೆಸರು ಮುದ್ರಿತವಾಗುವುದು ಸಂತೋಷದ ಸಂಗತಿ. ಅದರ ಪಕ್ಕದಲ್ಲಿ ದೂರವಾಣಿ ಸಂಖ್ಯೆ ಇರಲೇಬೇಕೆಂಬ ನಿಯಮವಿಲ್ಲ.

ಮನೆಯೊಳಗಿನ ಚರ

ಇನ್ನೊಂದು ವಿಚಾರವನ್ನು ಹೇಳಲು ಸಂಕೋಚವೆನಿಸಿದರೂ ಹೇಳದೆ ಬಿಡುವುದು ತರವಲ್ಲ. ಪತ್ನಿಯ, ಸೊಸೆಯ, ಬೆಳೆದ ಮಕ್ಕಳ ಫೋನಿನಲ್ಲಿ ಗುಟ್ಟಾಗಿ ಇರಿಸಿ, ಅವರು ಎಲ್ಲಿರುವರು, ಯಾರೊಡನೆ ಮಾತನಾಡುವರೆಂದು ತಿಳಿಯುವ ಆ್ಯಪ್‌ಗಳನ್ನು ಮಾರುವವರಿದ್ದಾರೆ. 2021ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಫೆಡರಲ್ ಟ್ರೇಡ್ ಕಮಿಷನ್ ಸ್ಪೈಫೋನ್ ಎಂಬ ಅಂತಹ ಸಂಸ್ಥೆಯೊಂದನ್ನು ಆ ವ್ಯಾಪಾರದಿಂದಲೇ ಹೊರಹಾಕಿತು. ಗುಟ್ಟಾಗಿ ಸಂಗ್ರಹಿಸಿದ ಆ ವಿವರಗಳನ್ನು ಸಂಸ್ಥೆಯು ಸರಿಯಾಗಿ ಕಾಪಾಡಿಯೂ ಇರಲಿಲ್ಲ. ಪ್ರೀತಿಯ ಹೆಸರಿನಲ್ಲಿ ಮನೆಯವರ ಮೇಲೆ ಇರಿಸಿದ ಕಣ್ಣು ಕಳ್ಳನ ಕೈಗೂ ಸಿಗುತ್ತದೆಯೆಂದು ಇದರಿಂದ ಸ್ಪಷ್ಟವಾಗುತ್ತದೆ. ಚಿಕ್ಕ ಮಕ್ಕಳ ರಕ್ಷಣೆಗಾಗಿ ತಂದೆತಾಯಿಯರು ಮಾಡುವ ಏರ್ಪಾಡು ಬೇರೆ. ಅದನ್ನು ಮಕ್ಕಳಿಗೆ ತಿಳಿಸಿಯೇ ಮಾಡಬಹುದು. ಪ್ರಾಯಕ್ಕೆ ಬಂದವರ ಮೇಲೆ ಗುಟ್ಟಾಗಿ ಚರನನ್ನು ನೇಮಿಸುವುದರಿಂದ ಮನೆಯಲ್ಲಿ ರಕ್ಷಣೆ ಹೆಚ್ಚುವುದಿಲ್ಲ, ವಿಶ್ವಾಸ ನಶಿಸುತ್ತದೆ.

ನ್ಯಾಯದ ಆಸರೆ

ಖಾಸಗಿತನದ ರಕ್ಷಣೆಯ ವಿಚಾರದಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಅಧ್ಯಾಯವೊಂದಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ ಉದ್ಭವಿಸಿದ ಮೂಲಭೂತ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ ಉತ್ತರ ನೀಡಿತು. ಖಾಸಗಿತನವು ಸಂವಿಧಾನದ 21ನೆಯ ವಿಧಿಯು ರಕ್ಷಿಸುವ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲಿ ಅಂತರ್ಗತವಾದ ಮೂಲಭೂತ ಹಕ್ಕೆಂದು ಅದು ಸಾರಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ 98ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ದಿವಂಗತರಾದರು. ವೃದ್ಧಾಪ್ಯವೆಂಬುದು ಹೊಸ ಕಾಲದ ಪ್ರಶ್ನೆಗಳಿಂದ ದೂರ ನಿಲ್ಲಲು ನೆಪವಲ್ಲವೆಂದು ಆ ಹಿರಿಯರು ತಮ್ಮ ನಡತೆಯಿಂದಲೇ ತೋರಿಸಿದರು.

ಪೆಗಾಸಸ್ ಎಂಬ ಸ್ಪೈವೇರಿನ ಹೆಸರು ಪತ್ರಿಕೆಗಳಲ್ಲಿ ವಿಶೇಷವಾಗಿ ಕೇಳಿಬಂದಿದೆ. ಇಸ್ರೇಲಿನ ಎನ್‌ಎಸ್‌ಒ ಸಂಸ್ಥೆ ರೂಪಿಸಿದ ಅದು 2019ರಲ್ಲಿ ವಾಟ್ಸ್‌ಆ್ಯಪಿನ ದೋಷವೊಂದನ್ನು ಬಳಸಿ ಸುಮಾರು 1,400 ಮಂದಿಯ ಸಾಧನಗಳನ್ನು ಗುರಿಮಾಡಿತೆಂದು ವಾಟ್ಸ್‌ಆ್ಯಪ್ ಸಂಸ್ಥೆ ಅಮೆರಿಕೆಯಲ್ಲಿ ದಾವೆ ಹೂಡಿತು. ಭಾರತದಲ್ಲಿ ಈ ಕುರಿತ ದೂರುಗಳನ್ನು ಪರಿಶೀಲಿಸಲು 2021ರ ಅಕ್ಟೋಬರ್ 27ರಂದು ಸರ್ವೋಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಾಂತ್ರಿಕ ಸಮಿತಿಯನ್ನು ನೇಮಿಸಿತು. ಆದರೆ ಅಂತಹ ಬಹುಬೆಲೆಯ ಆಯುಧವನ್ನು ಸಾಮಾನ್ಯ ಗೃಹಸ್ಥನ ಮೇಲೆ ಯಾರೂ ವ್ಯಯಿಸುವುದಿಲ್ಲ. ಅವನ ಶತ್ರು ಅಗ್ಗವಾದ ಒಂದು ಎಪಿಕೆ ಕಡತ. ಅದನ್ನು ತಡೆಯುವ ಶಕ್ತಿ ಅವನ ಬೆರಳಿನಲ್ಲಿಯೇ ಇದೆ.

2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು. ಅವು ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿತವಾಗಿವೆ. ಯಾವ ವಿವರವನ್ನು ಏತಕ್ಕಾಗಿ ಪಡೆಯಲಾಗುತ್ತಿದೆಯೆಂದು ತಿಳಿಯುವ, ಕೊಟ್ಟ ಸಮ್ಮತಿಯನ್ನು ಹಿಂಪಡೆಯುವ, ತಪ್ಪು ವಿವರವನ್ನು ತಿದ್ದಿಸುವ, ಅಳಿಸಿಹಾಕಿಸುವ ಹಕ್ಕುಗಳನ್ನು ಈ ಕಾನೂನು ನಾಗರಿಕನಿಗೆ ನೀಡುತ್ತದೆ. ವಿವರಗಳ ಸುರಕ್ಷತೆಯಲ್ಲಿ ಲೋಪವೆಸಗಿದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಗೃಹಸ್ಥನು ಪಾಲಿಸಬೇಕಾದ ನಿಯಮಗಳು

ಕಾನೂನು ಎಷ್ಟಿದ್ದರೂ ಬಾಗಿಲಿನ ಅಗುಳಿಯನ್ನು ಮನೆಯವರೇ ಹಾಕಬೇಕು. ಪ್ರತಿಯೊಂದು ಮನೆಯಲ್ಲಿಯೂ ಪಾಲಿಸಬಹುದಾದ ಕೆಲವು ನಿಯಮಗಳು ಹೀಗಿವೆ:

1. ಸಂದೇಶದ ಮೂಲಕ ಬಂದ ಎಪಿಕೆ ಕಡತವನ್ನು, ಕಳುಹಿಸಿದವರು ಯಾರೇ ಆಗಿರಲಿ, ತೆರೆಯಬಾರದು. ಆ್ಯಪ್ ಬೇಕಾದಲ್ಲಿ ಫೋನಿನ ಅಧಿಕೃತ ಭಂಡಾರದಿಂದಲೇ ಪಡೆಯಬೇಕು. ಅಲ್ಲಿಯೂ ತಯಾರಕರ ಹೆಸರನ್ನು ಪರಿಶೀಲಿಸಬೇಕು.

2. ಆ್ಯಪಿನ ಕೆಲಸಕ್ಕೂ ಅದು ಕೇಳುವ ಅನುಮತಿಗೂ ಸಂಬಂಧವಿದೆಯೇ ಎಂದು ವಿಚಾರಿಸಬೇಕು. ಪಂಚಾಂಗದ ಆ್ಯಪ್‌ಗೆ ಸೂರ್ಯೋದಯದ ಗಣಿತಕ್ಕಾಗಿ ಊರು ತಿಳಿದರೆ ಸಾಕು. ಎಸ್ಸೆಮ್ಮೆಸ್ಸಾಗಲಿ ಸಂಪರ್ಕಪಟ್ಟಿಯಾಗಲಿ ಬೇಕಾಗುವುದಿಲ್ಲ.

3. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹಣ ಹೊರಕ್ಕೆ ಹೋಗುತ್ತದೆಯೆಂಬುದನ್ನು ಮರೆಯಬಾರದು.

4. ಸಹಾಯ ಮಾಡುವೆವೆಂದು ಕರೆಮಾಡಿ, ಪರದೆಯನ್ನು ಹಂಚಿಕೊಳ್ಳುವ ಆ್ಯಪ್ ಸ್ಥಾಪಿಸಿರೆಂದು ಹೇಳುವವರ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ಬ್ಯಾಂಕಿನ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕದೆ ಪಾಸ್‌ಬುಕ್ಕಿನಲ್ಲಿಯೋ ಕಾರ್ಡಿನ ಹಿಂಬದಿಯಲ್ಲಿಯೋ ನೋಡಿಕೊಳ್ಳಬೇಕು.

5. ವಾಟ್ಸ್‌ಆ್ಯಪಿನಲ್ಲಿ ಎರಡು ಹಂತದ ಪರಿಶೀಲನೆಯನ್ನು ಏರ್ಪಡಿಸಿಕೊಳ್ಳಬೇಕು. ಫೋನಿನ ತಯಾರಕರು ಕಳುಹಿಸುವ ಸುರಕ್ಷತಾ ಪರಿಷ್ಕರಣೆಗಳನ್ನು ಮುಂದೂಡಬಾರದು.

6. ಆಧಾರ್ ಪ್ರತಿ ಕೊಡಬೇಕಾದಲ್ಲಿ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮುಸುಕಿನ ಪ್ರತಿ ಸಾಕಾಗುವುದೇ ಎಂದು ವಿಚಾರಿಸಬೇಕು. ಬೆರಳಚ್ಚಿನ ವಿವರಗಳಿಗೆ ಬೀಗ ಹಾಕಿಡುವ ಸೌಲಭ್ಯವೂ ಉಂಟು.

ಅಚಾತುರ್ಯ ನಡೆದುಹೋದರೆ

ಡೊಂಬಿವಲಿಯ ರಾಯರ ಪ್ರಸಂಗ ಇನ್ನೂ ಮುಗಿದಿಲ್ಲ. ಹಣ ಹೋದುದು ತಿಳಿದ ಮೇಲೆ ಅವರು ಯಾರಿಗೂ ಹೇಳಲಿಲ್ಲವೆಂದು ಭಾವಿಸೋಣ. ಮೂವತ್ತೈದು ವರ್ಷ ಲೆಕ್ಕಪತ್ರ ನೋಡಿದವನಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ಮಕ್ಕಳು ಅಂದಾರೆಂಬ ಅಳುಕು. ಪತ್ನಿ ಕೇಳಿದಾಗ ತಲೆನೋವೆಂದರು. ಹೀಗೆ ಎರಡು ದಿನಗಳು ಕಳೆದವು. ವಂಚಕನಿಗೆ ಬೇಕಾದುದು ಆ ಎರಡು ದಿನಗಳೇ. ಕದ್ದ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ, ಅಲ್ಲಿಂದ ಮಗುದೊಂದಕ್ಕೆ ಸಾಗಿ ಕೈಗೆಟುಕದಂತಾಗುವುದು ಆ ಅವಧಿಯಲ್ಲಿಯೇ.

ಆದುದರಿಂದ ಮೊದಲ ಕರ್ತವ್ಯ ಫೋನಿನ ಅಂತರ್ಜಾಲ ಸಂಪರ್ಕವನ್ನು ಕಡಿಯುವುದು. ಎರಡನೆಯದು, ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರವನ್ನು ತಡೆಹಿಡಿಸುವುದು. ಮೂರನೆಯದು, 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಿ, ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸುವುದು. ಬೇಗ ದೂರಿತ್ತಷ್ಟೂ ಹಣವನ್ನು ಮಾರ್ಗಮಧ್ಯದಲ್ಲಿ ತಡೆಯುವ ಸಂಭವ ಹೆಚ್ಚು. ಅನಂತರ ಬಂಧುಗಳಿಗೆ ಆ ಪತ್ರಿಕೆಯನ್ನು ತೆರೆಯದಿರುವಂತೆ ತಿಳಿಸಿ, ತಿಳಿದವರಿಂದ ಫೋನನ್ನು ಪೂರ್ತಿಯಾಗಿ ಅಳಿಸಿ ಹೊಸದಾಗಿ ಸಿದ್ಧಪಡಿಸಿಕೊಂಡು, ಪಾಸ್‌ವರ್ಡುಗಳನ್ನು ಸುರಕ್ಷಿತವಾದ ಬೇರೆ ಸಾಧನದಿಂದ ಬದಲಿಸಬೇಕು.

ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಈ ಕಾಲಗಣನೆಗೆ ಮಹತ್ತ್ವವಿತ್ತಿತು. ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಅನ್ಯರಿಂದ ನಡೆದ ಅನಧಿಕೃತ ವ್ಯವಹಾರವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ಗ್ರಾಹಕನಿಗೆ ನಷ್ಟದ ಹೊಣೆಯಿಲ್ಲ; ಗ್ರಾಹಕನ ಅಜಾಗ್ರತೆಯಿಂದಲೇ ನಡೆದಿದ್ದರೂ, ಅವನು ತಿಳಿಸಿದ ಮೇಲೆ ಆದ ನಷ್ಟವನ್ನು ಬ್ಯಾಂಕೇ ಹೊರಬೇಕು ಎಂಬುದು ಅದರ ತತ್ತ್ವ. ಎಂದರೆ ತಪ್ಪು ಯಾರದೇ ಇರಲಿ, ಬೇಗ ಬಾಯಿಬಿಟ್ಟವನಿಗೆ ಲಾಭವುಂಟು.

ಇಲ್ಲಿ ಕಿರಿಯರ ಹೊಣೆ ದೊಡ್ಡದು. ಹಿರಿಯರು ಫೋನಿನ ವಿಷಯದಲ್ಲಿ ಒಂದೇ ಪ್ರಶ್ನೆಯನ್ನು ನಾಲ್ಕು ಬಾರಿ ಕೇಳಿದಾಗ ಬೇಸರಿಸಿದ ಮಗನಿಗೆ, ಐದನೆಯ ಬಾರಿ ಅವರು ಕೇಳದೆ ಒತ್ತಿಬಿಟ್ಟಾಗ ಆಕ್ಷೇಪಿಸುವ ಅಧಿಕಾರವಿಲ್ಲ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸಿದ ಕೈ ಇಂದು ಪರದೆಯ ಮೇಲೆ ತಡವರಿಸುತ್ತಿದ್ದರೆ, ಆ ಬೆರಳನ್ನು ಅಷ್ಟೇ ತಾಳ್ಮೆಯಿಂದ ಹಿಡಿದು ನಡೆಸುವುದು ಋಣವನ್ನು ತೀರಿಸುವ ಒಂದು ಬಗೆ. ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಊಟವಾಯಿತೇ, ಔಷಧ ತೆಗೆದುಕೊಂಡಿರಾ ಎಂದು ಕೇಳುವುದರ ಜೊತೆಗೆ, ಈ ವಾರ ಫೋನಿನಲ್ಲಿ ಹೊಸದೇನಾದರೂ ಬಂದಿತೇ ಎಂದೂ ಕೇಳಬಹುದು. ಆ ಪ್ರಶ್ನೆಗೆ ತಂದೆಯವರು ಅಳುಕಿಲ್ಲದೆ ಉತ್ತರ ಹೇಳುವಂತಹ ವಾತಾವರಣ ಮನೆಯಲ್ಲಿದ್ದರೆ, ಲಗ್ನಪತ್ರಿಕೆಯ ವೇಷದಲ್ಲಿ ಬಂದ ಚರನಿಗೆ ಬೇಕಾದ ಆ ಎರಡು ದಿನಗಳು ದೊರೆಯುವುದಿಲ್ಲ.